ಬಕೆಟ್ ಮುಟ್ಟಬೇಡ, ಅಮ್ಮ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಇದೇನಿದು, ದಿನಾ ಫೋನು ಮಾಡುವವಳು ಕಾಗದ ಬರೆದಿದ್ದಾಳೆ ಎಂದು ಎದೆ ಹಿಡಿದುಕೊಳ್ಳಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಚೂಟಿಗೆ ನಾಲ್ಕು ತಿಂಗಳು ತುಂಬಿತು. ಬೋರಲು ಬೀಳುತ್ತಾಳೆ, ಆಮೇಲೆ ವಾಪಸ್ಸು ತಿರುಗಲು ಬಾರದೆ ನಮ್ಮನ್ನೇ ಬೈಯುತ್ತಾಳೆ. ನಿನ್ನ ಅಳಿಯನಿಗೆ ಬೆಳಗಿನ ಪಾಳಿ, ಇನ್ನೂ ಬಸ್ಸು ಡಿಪೋಗೆ ಬಿಟ್ಟು ಬಂದಿಲ್ಲ. ಮಗು ಈಗಷ್ಟೇ ಮಲಗಿದೆ. ಈ ವಿಷಯ ಫೋನಿನಲ್ಲೇ ಹೇಳಲು ಮೂರು ಸಲ ಹೊರಟೆ. ಮೂರು ಸಲವೂ ನೀನು ಅರ್ಧಕ್ಕೇ ಬಾಯಿ ಹಾಕಿ ಮಗು ಹಾಲು ಕುಡಿಯಿತಾ ಎಂದು ಕೇಳಿದೆ. ನಾನೂ ಸದ್ಯ ಬಚಾವಾದೆ ಅಂದುಕೊಂಡು ಹೂಂ ಅಂದೆ. ಕಾಗದಕ್ಕೆ ಹಾಗೆ ನಡುವೆ ಬಾಯಿ ಹಾಕಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಎರಡು ತಿಂಗಳಿಂದ ಚೂಟಿಗೆ ನೀನು ಕಳಿಸುವ ಡೈಪರ್ ಹಾಕುತ್ತಿಲ್ಲ. ಬಟ್ಟೆಯದು ಹಾಕುತ್ತಿದ್ದೇವೆ. ಒಗೆದು, ಒಣಗಿಸಿ, ಮತ್ತೆ ಹಾಕುವಂಥದ್ದು. ಅಬ್ಬಾ, ಬರೆದೇಬಿಟ್ಟೆ.

ಇದು ನಿನಗೆ ಎಲ್ಲಿ ತಾಗುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ನಿಂತವಳು ನೀನು. ರಕ್ತದ ಚಾದರ, ಕೀವಿನ ದಿಂಬಿನ ಚೀಲ, ಬ್ಲೀಚಿಂಗ್ ಪೌಡರಿನ ಬಿಸಿನೀರು. ನಾನು ಶಾಲೆಗೆ ಹೊರಟಾಗ ನೀನು ನನ್ನ ಫ್ರಾಕಿನ ಗುಂಡಿ ಹಾಕುತ್ತಿದ್ದರೆ ನಿನ್ನ ಬೆರಳಿನ ಒಡಕಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು. ಮಲಗುವಾಗ ನೀನು ಎಣ್ಣೆ ಹಚ್ಚಿ ಎರಡೂ ಕೈಗೆ ಅಪ್ಪನ ಕಾಲುಚೀಲ ಏರಿಸಿಕೊಳ್ಳುತ್ತಿದ್ದೆ. ಅದನ್ನು ಬೊಂಬೆಯಾಟ ಅಂದುಕೊಂಡು ನಾನು ಬಿದ್ದು ಬಿದ್ದು ನಗುತ್ತಿದ್ದೆ, ಪೆದ್ದಿ. ಊರಿನ ಕೊಳೆಯೆಲ್ಲ ನಾನೇ ಒಗೆದಾಯ್ತು, ನನ್ನ ಮಗಳು ಒಂದು ಕರ್ಚೀಫೂ ಒಗೆಯೋ ಹಾಗಿಲ್ಲ ಎಂದು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ. ಚೂಟಿ ಹುಟ್ಟಿದ ದಿನ ಎಲ್ಲರೂ ಟೋಪಿ, ಗಿಲಕಿ ತಂದರೆ ನೀನು ದೊಡ್ಡದೊಂದು ಡಬ್ಬ ಡೈಪರ್ ಹೊತ್ತು ತಂದೆ. ಬಳಸೋದು, ಬಿಸಾಕೋದು, ನಮ್ಮ ಕಾಲ ಮುಗೀತು ನೋಡಿ ಎಂದು ನರ್ಸಿಗೆ ಹೇಳುವಾಗ ನಿನ್ನ ಮುಖ ಎಷ್ಟು ಅರಳಿತ್ತು! ಅಂದಿನಿಂದ ತಿಂಗಳು ತಪ್ಪದೆ ಡಬ್ಬ ಬರುತ್ತಿದೆ. ಕೊನೆಯ ಮೂರು ಬೀರುವಿನ ಮೇಲೆ ಕೂತಿವೆ. ಹೋದ ವಾರ ಬಂದದ್ದನ್ನು ಬಿಚ್ಚಿಯೂ ಇಲ್ಲ. ನಿನ್ನ ಹತ್ತಿರ ಮಾತ್ರ ಅಳತೆ ಸರಿಯಾಗಿದೆ, ಚೆನ್ನಾಗಿದೆ ಎಂದು ಸುಳ್ಳು ಹೇಳಿದೆ. ತಪ್ಪಾಯಿತು ಅಮ್ಮ.

ಶುರುವಾದದ್ದು ಮಗುವಿನ ತೊಡೆಸಂದಿಯ ಕೆಂಪು ಗುಳ್ಳೆಗಳಿಂದ. ಸೆಕೆ ಬೇರೆ. ಗಾಳಿಯಾಡಲಿ, ಸ್ವಲ್ಪ ದಿನ ಬಟ್ಟೆ ಹಾಕಿ ನೋಡಿ ಎಂದು ಡಾಕ್ಟರು ಹೇಳಿದರು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ, ಮುಲಾಮು ಹಚ್ಚಿ ಸುಮ್ಮನಾದೆ. ನಿನ್ನ ಮಾತು ಮೀರಲು ಮನಸ್ಸಿರಲಿಲ್ಲ.

ಆಮೇಲೆ ಒಂದು ದಿನ ನಮ್ಮ ಬೀದಿಯ ಕಸದ ಗಾಡಿಯವಳು ಬಾಗಿಲು ತಟ್ಟಿದಳು. ಅಕ್ಕಾ, ಬೇಜಾರು ಮಾಡ್ಕೋಬೇಡಿ, ಮಗೂದನ್ನ ಬೇರೆ ಚೀಲದಲ್ಲಿ ಕಟ್ಟಿ ಕೊಡಿ, ಎಲ್ಲಾ ಕಲಸಿಹೋದ್ರೆ ನಾವು ಕೈಯಲ್ಲೇ ಬಿಡಿಸ್ಬೇಕು ಅಂದಳು. ಜಗಳದ ದನಿಯೇನಲ್ಲ, ಕೇಳಿಕೊಳ್ಳುವ ದನಿ. ಅವಳ ಒಂದು ಕೈ ಗಾಡಿಯ ಅಂಚಿನ ಮೇಲಿತ್ತು. ಗ್ಲೌಸಿನ ಎರಡು ಬೆರಳು ಹರಿದಿದ್ದವು. ಅಲ್ಲಿಂದ ಹೊರಗೆ ಕಂಡದ್ದು ನಿನ್ನ ಬೆರಳೇ, ಅಮ್ಮ. ಅದೇ ಒಡಕು, ಅದೇ ಬಿಳಿಚಿದ ತುದಿ. ನೀನು ನನ್ನಿಂದ ತಪ್ಪಿಸಿದ ಕೊಳೆ ಇನ್ನೊಬ್ಬಳ ಕೈಗೆ ಹೋಗಿ ಬೀಳುತ್ತಿತ್ತು, ದಿನಕ್ಕೆ ಎಂಟು ಹತ್ತು ಉಂಡೆಗಳಾಗಿ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅವತ್ತೇ ಸಂಜೆ ಅಂಗಡಿಗೆ ಹೋಗಿ ಎರಡು ಡಜನ್ ಬಟ್ಟೆಯ ಲಂಗೋಟಿ ತಂದೆ.

ತಂದದ್ದೇ ತಂದದ್ದು, ಆಮೇಲಿನ ಫಜೀತಿ ಕೇಳಬೇಡ. ಅಷ್ಟುದ್ದದ ಬಸ್ಸನ್ನು ಸಂದಿಯಲ್ಲಿ ತಿರುಗಿಸುವ ನಿನ್ನ ಅಳಿಯ ಆರು ಗುಂಡಿ ಹಾಕಲು ಬೆವೆತುಹೋದ. ಒಂದು ಕಾಲು ಒಳಗೆ ಹೋದರೆ ಇನ್ನೊಂದು ಹೊರಗೆ. ನಾನೋ, ಮಗುವಿನದಲ್ಲವಾ, ಮೆತ್ತಗಿರಲಿ ಎಂದು ಒಗೆಯುವಾಗ ಬಟ್ಟೆ ಘಮಘಮ ಅನ್ನಿಸುವ ಆ ನೀಲಿ ದ್ರಾವಣವನ್ನು ಎರಡೆರಡು ಮುಚ್ಚಳ ಸುರಿದೆ. ಹೂವಿನ ಹಾಗಾಯಿತು ಬಟ್ಟೆ. ಬೆಳಿಗ್ಗೆ ಅವನು ಯೂನಿಫಾರ್ಮ್ ತೊಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಟಾಟಾ ಹೇಳುತ್ತಿದ್ದ. ಚೂಟಿ ಉಚ್ಚೆ ಹೊಯ್ದಳು. ತಗಡಿನ ಮೇಲೆ ಬಿದ್ದ ನೀರಿನಂತೆ ಅಷ್ಟೂ ಜಾರಿ ಅವನ ಪ್ಯಾಂಟಿಗೆ! ಇದ್ದ ಇನ್ನೊಂದು ಪ್ಯಾಂಟು ಒಗೆದು ಹಾಕಿದ್ದು, ಇನ್ನೂ ಒಣಗಿರಲಿಲ್ಲ. ಪುಣ್ಯಾತ್ಮ ಉಚ್ಚೆಯಾದದ್ದನ್ನೇ ಹಾಕಿಕೊಂಡು ಬಸ್ಸು ಓಡಿಸಿದ. ಡ್ರೈವರ್ ಸೀಟಿನಿಂದ ಏಳಲೇ ಇಲ್ಲವಂತೆ, ಚಹಾಕ್ಕೂ.

ಒಂದು ವಾರ ಹೀಗೇ ನಡೆಯಿತು. ತೊಳೆದಷ್ಟೂ ಸೋರುವುದು ಹೆಚ್ಚು. ಇದೆಲ್ಲ ಅಂಗೈಯಲ್ಲಿಟ್ಟುಕೊಂಡಿರುವವಳು ನನ್ನ ಸ್ವಂತ ತಾಯಿ, ಅವಳೊಬ್ಬಳನ್ನೇ ಕೇಳುವ ಹಾಗಿಲ್ಲ, ಎಂಥ ಗ್ರಹಚಾರ ನೋಡು! ಕೊನೆಗೆ ಆಸ್ಪತ್ರೆಯಲ್ಲಿ ನಿನ್ನ ಜೊತೆ ಇಸ್ತ್ರಿ ಹಾಕುತ್ತಿದ್ದ ನಿನ್ನ ಗೆಳತಿ ಇಸ್ತ್ರಿ ಚಿಕ್ಕಮ್ಮನಿಗೆ ಫೋನು ಮಾಡಿದೆ. ಪಕ್ಕದ ಮನೆಯವರಿಗೆ ಬೇಕಂತೆ ಎಂದು ಶುರುಮಾಡಿದೆ. ಅವರು ಬಿಡುತ್ತಾರಾ? ಆ ನೀಲಿ ನೀರನ್ನ ಯಾರೇ ಹಾಕು ಅಂದಿದ್ದು ನಿನಗೆ, ನೂಲಿಗೆ ಎಣ್ಣೆ ಬಳಿದ ಹಾಗಾಗುತ್ತೆ, ಇನ್ನು ನೀರು ಹೀರೋದೆಲ್ಲಿಂದ, ಆಸ್ಪತ್ರೆ ಟವೆಲ್ಲಿಗೆ ಒಂದು ಹನಿ ಮುಟ್ಟಿಸ್ತಿರಲಿಲ್ಲ ನಿಮ್ಮಮ್ಮ ಎಂದು ಬೈದರು. ಬರೀ ಬಿಸಿನೀರಿನಲ್ಲಿ ನಾಲ್ಕು ಸಲ ಒಗೆ ಅಂದರು. ಒಗೆದೆವು. ಅಂದಿನಿಂದ ಒಂದು ಹನಿ ಸೋರಿಲ್ಲ. ಗುಳ್ಳೆಗಳೂ ಮಾಯ. ಮಗು ನೆಮ್ಮದಿಯಾಗಿದೆ, ನಾವೂ ಹಾಗೆಯೇ. ನಿಜ ಹೇಳಬೇಕೆಂದರೆ, ಬೆಚ್ಚಗಿನ ಬಟ್ಟೆಗಳನ್ನು ಮಡಚಿ ಮಡಚಿ ಜೋಡಿಸುವಾಗ ನನಗೆ ಖುಷಿಯಾಗುತ್ತದೆ. ಬೈಯಬೇಡ.

ಒಗೆಯುವವಳು ನಾನಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಪಾಳಿ ಮುಗಿಸಿ ಬಂದವನೇ ನಿನ್ನ ಅಳಿಯ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಜಾಲಿಸಿ ಮೆಷಿನ್ನಿಗೆ ಹಾಕುತ್ತಾನೆ. ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ ಎಂದು ಕೂಗುತ್ತ ಹಾಕುತ್ತಾನೆ. ಅತ್ತೆಗೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು ಅನ್ನುತ್ತಾನೆ, ಆದರೆ ಬಕೆಟ್ಟು ನನ್ನ ಕೈಗೆ ಕೊಡುವುದಿಲ್ಲ.

ಈಗ ಮುಖ್ಯ ಮಾತು. ಚಿಕ್ಕಮ್ಮನ ಬಾಯಿಂದ ಅವತ್ತು ಇನ್ನೊಂದು ವಿಷಯವೂ ಜಾರಿತು. ಅದಕ್ಕೂ ಹಿಂದಿನ ತಿಂಗಳು ನೀನು ಹೋದದ್ದು ಕಣ್ಣಿನ ಡಾಕ್ಟರ ಹತ್ತಿರ ಅಲ್ಲವಂತೆ, ಚರ್ಮದ ಡಾಕ್ಟರ ಹತ್ತಿರವಂತೆ. ಇನ್ನು ಸೋಪಿನ ನೀರು ಮುಟ್ಟಿದರೆ ಕೈಯ ಗಾಯ ಮಾಯುವುದೇ ಇಲ್ಲ ಎಂದು ಹೇಳಿದ್ದಾರಂತೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೇ ಕಣ್ಣಿನ ಕಥೆ ಕಟ್ಟಿದೆಯಲ್ಲ! ಒಂದನೇ ತಾರೀಕಿನಿಂದ ನಾನು ಮತ್ತೆ ಲೆನ್ಸು ಕತ್ತರಿಸುವ ಮೆಷಿನ್ನಿನ ಮುಂದೆ ಕೂರಬೇಕು. ಮಗುವಿನ ಜೊತೆ ಇರಲು ನೀನು ಬರುತ್ತಿದ್ದೀಯ. ನೆನೆದ ಬಟ್ಟೆ ಕಂಡರೆ ನೀನು ಸುಮ್ಮನಿರುವವಳಲ್ಲ. ಅಳಿಯ ಬರುವ ಹೊತ್ತಿಗೆ ಬಕೆಟ್ಟು ಖಾಲಿಯಾಗಿರುತ್ತದೆ, ನಿನ್ನ ಕೈ ಬಿರಿದಿರುತ್ತದೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಆದ್ದರಿಂದ ಬಕೆಟ್ ಮುಟ್ಟುವುದಿಲ್ಲ ಎಂದು ಕೈಯಾರೆ ಬರೆದು ಕಳಿಸು. ಆಗುವುದಿಲ್ಲ ಅನ್ನಿಸಿದರೆ ಅದನ್ನಾದರೂ ಬರೆ, ಬಟ್ಟೆಯನ್ನೆಲ್ಲ ಕಟ್ಟಿಟ್ಟು ಬೀರುವಿನ ಮೇಲಿನ ಡಬ್ಬ ಇಳಿಸುತ್ತೇನೆ. ಆ ಗಾಡಿಯವಳ ಮುಖ ಹೇಗೆ ನೋಡುವುದೋ ಗೊತ್ತಿಲ್ಲ, ಆದರೂ ಇಳಿಸುತ್ತೇನೆ. ಮಗಳು ನನ್ನ ಮಾತಿಗೆ ಬೆಲೆ ಕೊಡಲಿಲ್ಲ ಎಂದು ಬಾರದೆ ಮಾತ್ರ ಇರಬೇಡ. ಅದನ್ನು ನಾನು ತಡೆಯಲಾರೆ.

ನಿನ್ನ ಕೋಪಕ್ಕೂ ಕಾಯುತ್ತಿರುವ,
ಪುಟ್ಟಕ್ಕ


ಶುಕ್ರವಾರ, ಬೆಳಿಗ್ಗೆ

ಪುಟ್ಟಕ್ಕನಿಗೆ ಅಮ್ಮನ ಆಶೀರ್ವಾದ. ಚೂಟಿಗೆ ಮುತ್ತು. ಅಳಿಯಂದಿರಿಗೆ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ನಮಸ್ಕಾರ ಎಂದಿರಲಿ.

ನೀನು ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಕಣ್ಣು ಸರಿಯಾಗೇ ಇದೆ.

ಇಸ್ತ್ರಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ ಎಂದು ನಂಬಿದೆಯಲ್ಲ, ಅಷ್ಟು ಓದಿಸಿದ್ದು ದಂಡ. ನೀನು ಫೋನಿಟ್ಟ ಕಾಲು ಗಂಟೆಗೆ ನನಗೆ ವರದಿ ಬಂತು. ಪಕ್ಕದ ಮನೆಯವರಂತೆ! ಮೈ ಉರಿದುಹೋಯಿತು. ಒಗೆದು ಒಗೆದು ಸಾಕಾಗಿ ಬೇಡವೇ ಬೇಡ ಅಂದದ್ದನ್ನೇ ಇವಳು ತಂದು ಕೂರಿಸಿಕೊಂಡಳಲ್ಲ ಎಂದು ಎರಡು ದಿನ ನಿನ್ನ ಹತ್ತಿರ ಗಂಟಲು ನೋವು ಅಂದೆ. ಗಂಟಲಿಗೇನೂ ಆಗಿರಲಿಲ್ಲ. ಆಮೇಲೆ ನೀನಾಗಿ ಬಾಯಿ ಬಿಡುತ್ತೀಯಾ ನೋಡೋಣ ಎಂದು ಕಾದೆ. ಹೋದ ವಾರದ ಡಬ್ಬ ಬಿಚ್ಚಿ ನೋಡು. ಆಗತಾನೇ ಹುಟ್ಟಿದ ಮಗುವಿನ ಅಳತೆಯದು ಬೇಕೆಂದೇ ಕಳಿಸಿದೆ. ಚೂಟಿಯ ಒಂದು ತೊಡೆಯೂ ಅದರಲ್ಲಿ ಹಿಡಿಯುವುದಿಲ್ಲ. ಫೋನಿನಲ್ಲಿ ಕೇಳಿದರೆ, ಹೇಳಿ ಮಾಡಿಸಿದ ಹಾಗಿದೆ ಅಮ್ಮ ಅಂತೀಯ! ಸಿಟ್ಟೆಲ್ಲ ಇಳಿದು ನಗು ಬಂತು. ಸುಳ್ಳು ಹೇಳಲು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ.

ಆ ಗಾಡಿಯ ಹುಡುಗಿಯ ವಿಷಯವನ್ನು ಮಾತ್ರ ಮೂರನೇ ಸಲವೂ ಓದಿದೆ. ಮಾಡಿದ್ದು ಸರಿ ಪುಟ್ಟಕ್ಕ. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕೊನೆಕೊನೆಗೆ ನಮಗೆ ಕೊಡುತ್ತಿದ್ದಂಥ ಮೊಳಕೈವರೆಗಿನ ರಬ್ಬರ್ ಗ್ಲೌಸು ಇಲ್ಲಿ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಅವಳಿಗೆ ಎರಡು ಜೊತೆ ತರುತ್ತೇನೆ. ನಾನು ಕೊಟ್ಟೆ ಎಂದು ಹೇಳಬೇಡ, ಸಂಕೋಚಪಟ್ಟಾಳು.

ಬಕೆಟ್ ಮುಟ್ಟುವುದಿಲ್ಲ. ಸಾಕಾ? ಕೈಯಾರೆ ಬರೆದಿದ್ದೇನೆ. ಆದರೆ ಬಚ್ಚಲ ಬಾಗಿಲಿಗೆ ನನಗೊಂದು ಕುರ್ಚಿ ಹಾಕಿಡು. ಮೂವತ್ತು ವರ್ಷ ಸೂಪರ್‌ವೈಸರು ಕುರ್ಚಿಯಲ್ಲಿ ಕೂತು ಅದು ಸರಿಯಿಲ್ಲ ಇದು ಸರಿಯಿಲ್ಲ ಅಂದದ್ದನ್ನು ಕೇಳಿದ್ದೇನೆ, ಒಂದು ತಿಂಗಳು ನಾನೂ ಅಂದು ನೋಡುತ್ತೇನೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂದು ಅಳಿಯಂದಿರಿಗೆ ಈಗಲೇ ಹೇಳು. ಬಿಸಿನೀರು ಮೊದಲಾದರೆ ಕಲೆ ಕಚ್ಚಿಕೊಳ್ಳುತ್ತದೆ. ಅವರ ಮರ್ಯಾದೆಗೇನೂ ಆಗಿಲ್ಲ. ನನ್ನ ಕಣ್ಣಿಗೆ ಒಂದು ಗೇಣು ಎತ್ತರವಾಗಿದ್ದಾರೆ, ಇದನ್ನೂ ಹೇಳು.

ಮುಂದಿನ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಇಳಿಯುತ್ತೇನೆ.

ಇಂತು ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ನನ್ನ ಕೈಯ ಗತಿ ನಿನಗೆ ಬರಬಾರದೆಂದು ಬಟ್ಟೆ ಬೇಡ ಅಂದೆ ಎಂದುಕೊಂಡಿದ್ದೀಯ. ಅದು ಅರ್ಧ ನಿಜ. ನೀನು ಹುಟ್ಟಿದಾಗ ಮನೆಯಲ್ಲಿ ನಿನಗೆಂದು ಹರಿಯಲು ಒಂದು ಹಳೇ ಬಟ್ಟೆಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ಹರಿದ ಚಾದರಗಳನ್ನು ಸುಡಲು ಬೇರೆ ಗುಡ್ಡೆ ಹಾಕುತ್ತಿದ್ದರು. ಅದರಲ್ಲಿ ಎರಡನ್ನು ಒಗೆದು, ಹೊಟ್ಟೆಗೆ ಸುತ್ತಿಕೊಂಡು ಗೇಟು ದಾಟಿದೆ. ಕದ್ದೆ. ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುತ್ತಿತ್ತು. ಕತ್ತರಿಸಿದಾಗ ಹನ್ನೆರಡು ತುಂಡಾಯಿತು. ನಾಲ್ಕರ ಮೇಲೆ ಆಸ್ಪತ್ರೆಯ ನೀಲಿ ಮುದ್ರೆ, ಎಷ್ಟು ಉಜ್ಜಿದರೂ ಹೋಗದು. ಸೂಪರ್‌ವೈಸರ ಮನೆ ನಮ್ಮ ಎದುರಿಗೇ. ಹೊರಗೆ ಒಣಹಾಕಲು ಧೈರ್ಯವಾಗದೆ, ಒಳಕೋಣೆಯ ಮಂಚದ ಹಿಂದೆ ದಾರ ಕಟ್ಟಿ ಒಂದೂವರೆ ವರ್ಷ ಅಲ್ಲೇ ಹರವಿದೆ. ಬಿಸಿಲು ಕಾಣದ ಬಟ್ಟೆ, ಸದಾ ತೇವ, ನಿನ್ನ ಮೈತುಂಬ ಗುಳ್ಳೆ. ನೀನು ಅತ್ತಾಗಲೆಲ್ಲ ಇದು ನನ್ನ ಕಳ್ಳತನದ ಫಲ ಅನ್ನಿಸುತ್ತಿತ್ತು. ನಿಮ್ಮಪ್ಪನಿಗೂ ಹೇಳಿರಲಿಲ್ಲ. ಬಕೆಟ್ಟು ಅಳಿಯಂದಿರದೇ ಇರಲಿ, ಮಾತು ಕೊಟ್ಟಿದ್ದೇನೆ. ಮೆಷಿನ್ನಿನಿಂದ ತೆಗೆದ ಬಟ್ಟೆಯಲ್ಲಿ ಸೋಪಿರುವುದಿಲ್ಲ, ಡಾಕ್ಟರನ್ನು ಕೇಳಿಯೂ ಆಯಿತು. ಹೊರಗೆ ಹರವುವ ಕೆಲಸ ಮಾತ್ರ ನನಗೆ ಬಿಡು. ಬೀದಿಯವರಿಗೆಲ್ಲ ಕಾಣುವ ಕಡೆಯೇ ಹರವುತ್ತೇನೆ.