ಏಳನೆಯ ಕಿಲೋಮೀಟರು

ಅಂಗಡಿಯಿಂದ, ನಿನ್ನ ಕಟಿಂಗ್ ಮೇಜಿನ ಮೇಲೆ ಬರೆದದ್ದು
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಮಾತ್ರ ನೋವೋ, ಇಳಿಯುವಾಗಲೂನೋ? ಸುಮ್ಮನೆ ಉಪಚಾರಕ್ಕೆ ಕೇಳುತ್ತಿಲ್ಲ, ಈಗ ನನಗೆ ಮಂಡಿಯ ವಿಷಯ ಅಂದರೆ ಎಲ್ಲಿಲ್ಲದ ಆಸಕ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕಣ್ಣಿನ ಡಾಕ್ಟರು ಎರಡನೇ ಸಲವೂ ಏನೂ ಆಗಿಲ್ಲ ಅಂದರಂತೆ, ನೀನು "ಕಣ್ಣು ಸರಿಯಿದ್ರೆ ಆ ಕೋಟಿಗೆ ಎರಡೂ ಎಡತೋಳು ಹೇಗ್ರೀ ಆಯ್ತು?" ಅಂತ ಅವರನ್ನೇ ದಬಾಯಿಸಿದೆಯಂತೆ. ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಮೊಮ್ಮಗಳ ಫ್ರಾಕಿಗೂ ಕತ್ತರಿ ಮುಟ್ಟೋಲ್ಲ ಅಂದೆಯಂತಲ್ಲ? ಇಪ್ಪತ್ತಾರು ವರ್ಷ ಈ ಮೇಜಿನ ಮೇಲೆ ನೀನು ಕತ್ತರಿಸಿದ್ದು, ನಾನು ಹೊಲಿದದ್ದು. ನೀನು ಮಗಳ ಮನೆಗೆ ಹೋದ ಮೇಲೆ ಒಂದೂವರೆ ವರ್ಷದಿಂದ ಜಿಪ್ಪು ಬದಲಾಯಿಸುವುದು, ಪ್ಯಾಂಟಿನ ಕಾಲು ಮಡಚುವುದು ಇಷ್ಟೇ ನನ್ನ ಕಸುಬು. ನೀನು ವಾಪಸ್ ಬಂದು ಇಲ್ಲಿ ನಿಲ್ಲಬೇಕು ಅಕ್ಕಾ, ನನಗೆ ಬೇಕಾಗಿರುವುದು ಅದೊಂದೇ. ಪತ್ರದ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಪೂರ್ತಿ ಓದುವ ತನಕ ಬಿಚ್ಚಬೇಡ, ನಿನ್ನ ದಮ್ಮಯ್ಯ.

ಈಗ ಸುದ್ದಿ. ನಿನ್ನ ತಂಗಿ ಮ್ಯಾರಥಾನ್ ಓಡುತ್ತಾಳೆ. ನಗಬೇಡ, ನಮ್ಮನೆಯವರು ಆಗಲೇ ಇಬ್ಬರ ಪಾಲಿನದೂ ನಕ್ಕಾಗಿದೆ. "ಬಸ್ಸು ತಪ್ಪಿದ್ರೂ ಓಡದವಳು ನೀನು" ಅಂದರು. ಬೆನ್ನುನೋವಿಗೆ ಡಾಕ್ಟರು ನಡೆಯಲು ಹೇಳಿದರು ಅಂತ ಪಾರ್ಕಿಗೆ ಹೋದೆ. ಅಲ್ಲಿ ರಿಟೈರಾದ ಡ್ರಿಲ್ ಮೇಷ್ಟ್ರೊಬ್ಬರು ಕೊರಳಿಗೆ ಸೀಟಿ ಹಾಕಿಕೊಂಡು ಹತ್ತು ಜನರನ್ನು ಓಡಿಸುತ್ತಿದ್ದರು, ನಾನು ಹನ್ನೊಂದನೆಯವಳಾದೆ. ಇನ್ನು ಐದು ವಾರಕ್ಕೆ ಓಟ. ನಲವತ್ತೆರಡು ಕಿಲೋಮೀಟರು, ಆರು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ರಸ್ತೆಯನ್ನು ಲಾರಿ ಬಸ್ಸಿಗೆ ಬಿಟ್ಟುಬಿಡುತ್ತಾರೆ. ಮೇಷ್ಟ್ರು ನನಗೆ ಕೊಟ್ಟ ಲೆಕ್ಕ ಕಿಲೋಮೀಟರಿಗೆ ಎಂಟು ನಿಮಿಷ. ಮೊದಲನೆಯದಕ್ಕೂ ಎಂಟು, ಕೊನೆಯದಕ್ಕೂ ಎಂಟು. ಕೇಳಲು ಎಷ್ಟು ಸುಲಭ! ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಸೂಜಿ ಮುರಿದಾಗಲೆಲ್ಲ ನೀನು "ಆತುರಗಾರನಿಗೆ ಬುದ್ಧಿ ಮಟ್ಟ" ಅಂತ ರಾಗ ಎಳೆಯುತ್ತಿದ್ದೆಯಲ್ಲ, ಆ ಆತುರ ಕಾಲಿಗೂ ಇಳಿದಿದೆ. ಮೊದಲ ವಾರ ಬಾಣ ಬಿಟ್ಟ ಹಾಗೆ ಹೊರಟು ಮೂರನೇ ಕಿಲೋಮೀಟರಿಗೆ ಮೋರಿಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟೆ.

ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು. "ಓಡ್ತಾ ಮಾತಾಡಮ್ಮ. ಮಾತು ಸಲೀಸಾಗಿ ಬಂದ್ರೆ ವೇಗ ಸರಿಯಿದೆ ಅಂತ. ಮಾತು ತುಂಡಾಯ್ತೋ, ಮೈಮೇಲೆ ಎಚ್ಚರ ಇಲ್ಲ ಅಂತ." ಉಳಿದವರೆಲ್ಲ ಜೋಡಿ ಜೋಡಿಯಾಗಿ ಹರಟುತ್ತಾ ಓಡಿದರು. ಹನ್ನೊಂದನೆಯವಳಿಗೆ ಜೋಡಿ ಎಲ್ಲಿಂದ ಬರಬೇಕು? ಅದಕ್ಕೇ ನಿನ್ನ ಜೊತೆ ಮಾತಾಡುತ್ತೇನೆ. ಮನಸ್ಸಿನಲ್ಲಲ್ಲ, ಗಟ್ಟಿಯಾಗಿ! ಪೇಪರ್ ಹಾಕುವವನು ಮೊದಲೆರಡು ದಿನ ನಾನು ಫೋನಿನಲ್ಲಿದ್ದೇನೆ ಅಂದುಕೊಂಡ, ಮೂರನೇ ದಿನ ಸೈಕಲ್ಲನ್ನು ರಸ್ತೆಯ ಆಚೆ ಬದಿಗೆ ತಿರುಗಿಸಿಕೊಂಡ. ಶುರುವಿಗೆ ನಿನ್ನ ಮಂಡಿ ವಿಚಾರಿಸುತ್ತೇನೆ, ಆಮೇಲೆ ಮನೆ ಸುದ್ದಿ, ಆಮೇಲೆ ಅಂಗಡಿ ಸುದ್ದಿ. ನಿನ್ನ ಬಾಯಿಂದ ಬರುತ್ತಿದ್ದ ಬೈಗುಳವನ್ನೂ ನಾನೇ ಹೇಳಿಕೊಳ್ಳುತ್ತೇನೆ. ಕಾಲು ಪೆಡಲ್ ಮಿಷನ್ನಿನ ಹದಕ್ಕೆ ಬಂದುಬಿಡುತ್ತದೆ, ಉದ್ದನೆಯ ಪರದೆಯ ಅಂಚು ಹೊಲಿಯುವಾಗ ತುಳಿಯುತ್ತೇವಲ್ಲ, ಹಾಗೆ.

ಆದರೆ ಒಂದು ವಿಚಿತ್ರ ನೋಡು. ಕೈಗಡಿಯಾರ ಪ್ರತಿ ಕಿಲೋಮೀಟರಿನ ಸಮಯ ಬರೆದಿಡುತ್ತದೆ. ಎಂಟು, ಎಂಟು, ಎಂಟು ಅಂತ ಆರರವರೆಗೂ ಸಾಲಾಗಿ ಬರುತ್ತದೆ. ಏಳನೆಯದು ಮಾತ್ರ ಏಳು ನಿಮಿಷ, ಒಂದೊಂದು ದಿನ ಅದಕ್ಕೂ ಕಮ್ಮಿ. ಅಲ್ಲಿ ಹೋದ ದಮ್ಮು ಮತ್ತೆ ಬರುವುದೇ ಇಲ್ಲ, ಹದಿನೈದು ದಾಟುವಷ್ಟರಲ್ಲಿ ಕಾಲೆಳೆದುಕೊಂಡು ಹೋಗುತ್ತಿರುತ್ತೇನೆ. ಹೀಗೇ ಆದರೆ ಆರು ಗಂಟೆಗೆ ಮುಗಿಯುವ ಮಾತೇ ಇಲ್ಲ. ಮೊದಲು ರಸ್ತೆ ಇಳಿಜಾರಿರಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ನೀರಿನ ಬಾಟಲಿಯನ್ನು ರಸ್ತೆಯ ಮೇಲೆ ಮಲಗಿಸಿ ನೋಡಿದೆ, ಉರುಳಲೇ ಇಲ್ಲ. ಅಲ್ಲೊಂದು ಮರಗೆಲಸದ ಶೆಡ್ಡಿದೆ, ಅದರ ನಾಯಿಯ ಭಯಕ್ಕಿರಬಹುದೇ ಅಂತ ಅದಕ್ಕೆ ಬಿಸ್ಕತ್ತು ಹಾಕಿ ಸ್ನೇಹ ಮಾಡಿಕೊಂಡೆ. ಪ್ರಯೋಜನವಾಗಲಿಲ್ಲ, ನಾಯಿ ಮಾತ್ರ ಗಂಟುಬಿತ್ತು. ಶೂ ಬದಲಾಯಿಸಿದೆ. ಕೊನೆಗೆ ದಾರಿಯನ್ನೇ ಉಲ್ಟಾ ಓಡಿದೆ. ಈಗ ಏಳನೆಯ ಕಿಲೋಮೀಟರು ಊರಿನ ಇನ್ನೊಂದು ತುದಿಯಲ್ಲಿ, ಅಂಚೆ ಕಚೇರಿಯ ಹಿಂದೆ ಬಂತು. ಅಲ್ಲೂ ಏಳೇ ನಿಮಿಷ! ಮೇಷ್ಟ್ರು ಗಡಿಯಾರವನ್ನು ತಿರುಗಿಸಿ ಮುರುಗಿಸಿ ನೋಡಿ, "ರಸ್ತೆ ತಪ್ಪಲ್ಲಮ್ಮ ಇದು. ನಿನ್ನ ಯಾರೋ ಅಟ್ಟಿಸ್ಕೊಂಡು ಬರ್ತಿದ್ದಾರೆ" ಅಂದರು. ತಮಾಷೆಗೇ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ತಿರುಗಿ ನೋಡಿಯೇಬಿಟ್ಟೆ.

ಕಳೆದ ಭಾನುವಾರ ತುಟಿ ಪಿಟಕ್ಕೆನ್ನದೆ, ಹೆಜ್ಜೆ ಎಣಿಸುತ್ತಾ ಓಡಿದೆ. ಏಳನೆಯದೂ ಸರಿಯಾಗಿ ಎಂಟು ನಿಮಿಷ. ಅಂದರೆ ತಪ್ಪು ರಸ್ತೆಯದಲ್ಲ, ಕಾಲಿನದಲ್ಲ, ಮಾತಿನದು! ಈ ವಾರ ಮತ್ತೆ ಮಾತಾಡುತ್ತಾ ಓಡಿದೆ, ಆದರೆ ಕಿವಿಯನ್ನೂ ತೆರೆದಿಟ್ಟೆ. ಮಂಡಿ, ಮನೆ, ಅಂಗಡಿ ಎಲ್ಲ ಮುಗಿಯುವ ಹೊತ್ತಿಗೆ ಆರು ಕಿಲೋಮೀಟರು. ಅಲ್ಲಿಗೆ ಮಾತು ಆ ಕೋಟಿಗೆ ಬಂದು ನಿಲ್ಲುತ್ತದೆ. ಆ ದಿನ ಕೋಟಿನವರು ಟ್ರಯಲ್ ನೋಡಲು ಬಂದು ಕುರ್ಚಿಯಲ್ಲಿ ಕೂತಿದ್ದರು. ನಾನು ಎರಡನೇ ತೋಳು ಕೂಡಿಸಲು ಹೋಗಿ "ಅಕ್ಕಾ, ಇದೂ ಎಡತೋಳೇ" ಅಂದೆ. ನೀನು ಬಂದು ನೋಡಿದೆ, ಬಿಳಿಚಿಕೊಂಡೆ, "ನನ್ನ ಕಣ್ಣು ಹೋಯ್ತು ಕಣೇ" ಅಂದು ಕತ್ತರಿ ಕೆಳಗಿಟ್ಟೆ. ಅದರ ಮುಂದಿನ ಮಾತು ನನ್ನ ಬಾಯಿಂದ ಬರುವುದಿಲ್ಲ. ಬಾಯಿ ಮುಚ್ಚುತ್ತದೆ, ಕಾಲು ಓಡುತ್ತದೆ. ಎಂಟನೆಯ ಕಿಲೋಮೀಟರಿಗೆ ಬಂದಾಗ ಹವಾಮಾನದ ಬಗ್ಗೆ ಮಾತಾಡುತ್ತಿರುತ್ತೇನೆ.

ಇವತ್ತು ಬೆಳಿಗ್ಗೆ ಆ ಮಾತನ್ನು ಹಾರಿಸಿಕೊಂಡು ಹೋಗಲಿಲ್ಲ. ಅಂಚೆ ಕಚೇರಿಯ ಹಿಂದಿನ ರಸ್ತೆಯಲ್ಲಿ ಪೂರ್ತಿ ಹೇಳಿದೆ, ಗಟ್ಟಿಯಾಗಿ, ಒಂದು ಪದ ನುಂಗದೆ. ಅಳುತ್ತಾ ಓಡಿದರೆ ಮೂಗು ಕಟ್ಟಿ ಉಸಿರಾಡಲು ಬಹಳ ಕಷ್ಟ, ಇದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಗಡಿಯಾರ ನೋಡಿದರೆ ಎಂಟು ನಿಮಿಷ, ಎರಡು ಸೆಕೆಂಡು. ಆಮೇಲೆ ಇಪ್ಪತ್ತನಾಲ್ಕರವರೆಗೂ ಹಾಗೇ ಓಡಿದೆ ಅಕ್ಕಾ, ಒಂದೇ ಸಮ. ಮನೆಗೆ ಹೋಗಿ ಸ್ನಾನ ಮಾಡಿ ನೇರ ಇಲ್ಲಿಗೆ ಬಂದು ಬರೆಯಲು ಕೂತಿದ್ದೇನೆ.

ನಮ್ಮನೆಯವರು ನಿನ್ನನ್ನು ಕೇಳಿದೆ ಅಂತ ಬರೆಯಲು ಹೇಳಿದ್ದಾರೆ. ಮೊಮ್ಮಗಳಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ಮಂಡಿಗೆ ಬಿಸಿನೀರಿನ ಶಾಖ ಕೊಡು, ಸೋಮಾರಿತನ ಮಾಡಬೇಡ. ನಿನ್ನ ಪಾದಕ್ಕೆ ಇಲ್ಲಿಂದಲೇ ನಮಸ್ಕಾರ.

ನಿನ್ನ ಬೈಗುಳಕ್ಕೆ ಕಾದಿರುವ,
ಆತುರಗಾತಿ ತಂಗಿ

ವಿ.ಸೂ.: "ಬರೆಯಲು ಮರೆತಿದ್ದೆ" ಅಂತ ಶುರುಮಾಡಲು ಹೋದೆ. ಸುಳ್ಳು, ಮರೆತಿರಲಿಲ್ಲ. ಈಗ ಪೊಟ್ಟಣ ಬಿಚ್ಚು. ಅದು ಆ ಕೋಟಿನ ಬಲತೋಳು, ನೀನು ಕತ್ತರಿಸಿದ್ದು. ಮೊಣಕೈ ಹತ್ತಿರದ ಕಂದು ಕಲೆ ನನ್ನ ಇಸ್ತ್ರಿಪೆಟ್ಟಿಗೆಯದು. ನೀನು ಊಟಕ್ಕೆ ಹೋಗಿದ್ದಾಗ ಸುಟ್ಟುಬಿಟ್ಟೆ, ನೀನು ಬರುವಷ್ಟರಲ್ಲಿ ಮುಗಿಸಬೇಕು ಅಂತ ಉಳಿದ ತುಂಡಿನಲ್ಲಿ ಇನ್ನೊಂದು ತೋಳು ಕತ್ತರಿಸಿದೆ. ಆತುರದಲ್ಲಿ ಅಳತೆಯ ರಟ್ಟನ್ನು ಮಗುಚಿ ಇಡಲಿಲ್ಲ, ಅದೂ ಎಡತೋಳಾಯಿತು. ಅದು ನನಗೇ ಗೊತ್ತಾದದ್ದು ಎಲ್ಲರೆದುರು ಕೂಡಿಸುವಾಗ. ನೀನು ಕಣ್ಣು ಹೋಯ್ತು ಅಂದಾಗ ನಾನು ಬಾಯಿ ಬಿಡಲಿಲ್ಲ. ಟೇಪು ತೆಗೆದು ಈ ತೋಳನ್ನು ಅಳೆದು ನೋಡು ಅಕ್ಕಾ, ಎಲ್ಲೂ ಎಳೆಯಷ್ಟು ಹೆಚ್ಚುಕಮ್ಮಿ ಇಲ್ಲ. ನಿನ್ನ ಕತ್ತರಿಗೆ ನಿನ್ನೆ ಸಾಣೆ ಹಿಡಿಸಿಟ್ಟಿದ್ದೇನೆ.