ಇಪ್ಪತ್ತೆರಡು ದಿನದ ಹಾಜರಾತಿ

ಜಮಖಂಡಿ,
೧೪ ಜುಲೈ ೨೦೧೨

ಪ್ರೀತಿಯ ತಂಗಿ ಭಾಗ್ಯಾಳಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಸೊಂಟದ ನೋವು ಈಗ ಹೇಗಿದೆ? ಕಬ್ಬಿನ ಹಂಗಾಮು ಮುಗಿದಿದೆ, ನಿನ್ನ ಯಜಮಾನರು ಪರಮೇಶರು ಸಮೀರವಾಡಿಯ ಮನೆಯಲ್ಲಿ ನಿನ್ನ ಕೈಗೆ ಸ್ವಲ್ಪವಾದರೂ ಸಿಗುತ್ತಿರಬಹುದು. ಮಗಳು ವೈಶಾಲಿ ಲೆಕ್ಕದಲ್ಲಿ ಈ ಸೋದರಮಾವನ ಹಾಗೆ ದಡ್ಡಿಯಾಗದಿರಲಿ. ಅವ್ವನ ಕಾಲಿನ ಬಾವು ಇಳಿದಿದೆ. ಉಪ್ಪಿನಕಾಯಿ ಬಿಡು ಎಂದರೆ ಮಾತ್ರ ನನ್ನ ಮೇಲೆ ಹರಿಹಾಯುತ್ತಾಳೆ. ನಾಗರ ಪಂಚಮಿಗೆ ನೀನು ತವರಿಗೆ ಬರುತ್ತೀ ಎಂದು ಈಗಲೇ ಉಂಡಿಗೆ ಶೇಂಗಾ ಹುರಿದಿಟ್ಟಿದ್ದಾಳೆ.

ಕಾಲೇಜಿನಲ್ಲಿ ನನಗೊಂದು ಹೊಸ ಕೆಲಸ ಗಂಟುಬಿದ್ದಿದೆ. ಪಠ್ಯಕ್ರಮ ರಚನೆ, ಮೌಲ್ಯಮಾಪನಗಳಲ್ಲಿ ಬಳಸುವ ಮುಖ್ಯ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಕೈಪಿಡಿ ಮಾಡಿಕೊಡಬೇಕಂತೆ. ಸೆಮಿಸ್ಟರ್ ಬಂದಾಗಿನಿಂದ ನಮ್ಮವರ ಬಾಯಲ್ಲೆಲ್ಲ ಇವೇ ಪದಗಳು. ಅರ್ಥ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪ್ರತಿ ಪದಕ್ಕೂ ಒಂದು ಉದಾಹರಣೆ ಬೇಕು. ಹುಡುಕುತ್ತ ಕೂತರೆ ಎಲ್ಲದಕ್ಕೂ ನೀನೇ ಬರುತ್ತೀ. ‘ನಿರಂತರ ಮೌಲ್ಯಮಾಪನ’ ಎಂದರೆ ಕೊನೆಯ ಪರೀಕ್ಷೆಗೆ ಕಾಯದೆ, ಕಲಿಯುವಾಗಲೇ ನೋಡುತ್ತ ತಿದ್ದುವುದು. ಅಪ್ಪ ನಿನಗೆ ಕುರಿಯ ಉಣ್ಣೆ ಕತ್ತರಿಸಲು ಕಲಿಸಿದ್ದು ಹಾಗೆಯೇ ಅಲ್ಲವೇ? ಕತ್ತರಿ ಸ್ವಲ್ಪ ಓರೆಯಾದರೆ ಸಾಕು, “ಕೈ ಹಗೂರ ಮಾಡಬೇ, ಅದಕ್ಕೂ ಜೀವ ಐತಿ” ಎನ್ನುತ್ತಿದ್ದ. ಕುರಿಗೆ ಗಾಯವಾಗಲಿ, ಆಮೇಲೆ ಅಂಕ ಕಳೆಯೋಣ ಎಂದು ಕಾಯುತ್ತಿರಲಿಲ್ಲ. ‘ಕ್ರೆಡಿಟ್’ ಎಂದರೆ ವಿದ್ಯಾರ್ಥಿ ಒಂದು ವಿಷಯಕ್ಕೆ ಕೊಡುವ ದುಡಿಮೆಯ ಅಳತೆ, ಕ್ಲಾಸಿನ ಹೊರಗಿನದೂ ಸೇರಿ. ಅದನ್ನು ಬರೆದು ಪೆನ್ನು ಕೆಳಗಿಟ್ಟೆ. ಅನಗವಾಡಿಯ ಹಳೆಯ ಮನೆಯಲ್ಲಿ ಆಗ ನೀನು ಕಳೆದಿದ್ದ ಇಪ್ಪತ್ತೆರಡು ದಿನ ಯಾವ ಅಳತೆಗೂ ಸಿಗಲಿಲ್ಲ.

ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಆಗ ಊರೆಲ್ಲ ಗಂಟುಮೂಟೆ ಕಟ್ಟುತ್ತಿತ್ತು. ಅಪ್ಪ, ಅವ್ವ ಕುರಿ ಹೊಡೆದುಕೊಂಡು ಹೊಸ ಜಾಗಕ್ಕೆ ಹೋದರು. ನಮ್ಮಜ್ಜಿ ಲಗಮವ್ವ ಆಯಿ ಮಾತ್ರ ಬೀರೇಶ್ವರನ ಅರಿಶಿನ ಭಂಡಾರದ ಚೀಲ ಮಡಿಲಲ್ಲಿಟ್ಟುಕೊಂಡು, “ದೇವರಿಗೆ ಅಲ್ಲಿ ಮಾಡ ಕಟ್ರಿ, ಆಮ್ಯಾಲ ಬರ್ತೀನಿ” ಎಂದು ಕೂತುಬಿಟ್ಟಳು. ಹೊಸ ಮನೆಗೆ ಗೋಡೆಯೇ ಎದ್ದಿರಲಿಲ್ಲ, ದೇವರಿಗೆ ಗೂಡು ಎಲ್ಲಿ ಬಿಡುವುದು? ಅವಳ ಜೊತೆ ಉಳಿದವಳು ನೀನು, ಬಿ.ಎ. ಕೊನೆಯ ವರ್ಷದ ಹುಡುಗಿ. ನಾನು ಅದೇ ಕಾಲೇಜಿನಲ್ಲಿ ಹೊಸ ಉಪನ್ಯಾಸಕ, ಹಾಜರಾತಿಯ ಉಸ್ತುವಾರಿ ಬೇರೆ. ಎಪ್ಪತ್ತೈದು ಪ್ರತಿಶತ ಮುಟ್ಟಲಿಲ್ಲವೆಂದು ನಿನಗೆ ಹಾಲ್ ಟಿಕೆಟ್ ಸಿಗಲಿಲ್ಲ. ಆಯಿ ಹೊಸ ಮನೆಯಲ್ಲಿ ಒಂದು ತಿಂಗಳೂ ಬಾಳಲಿಲ್ಲ. ಅವಳು ತೀರಿಕೊಂಡು ವರ್ಷ ತುಂಬುವುದರೊಳಗೇ ನಿನ್ನ ಮದುವೆ ಮಾಡಿದರು. ಪುಸ್ತಕಗಳನ್ನು ಸೀರೆಯ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಹೋದೆ.

ನಮ್ಮ ಆಗಿನ ಪ್ರಿನ್ಸಿಪಾಲರು, ಹೊಳಬಸಪ್ಪ ಸರ್, ಕಳೆದ ತಿಂಗಳು ತೀರಿಕೊಂಡರು. ಫೋನಿನಲ್ಲಿ ಹೇಳಿದಾಗ ನೀನು, “ನನ್ನ ವರ್ಷ ತಿಂದ ಮನುಷ್ಯಾ ಅಂವ, ನಾ ಯಾಕ ಅಳಲಿ” ಎಂದೆ. ನಾನು ಫೋನ್ ಇಟ್ಟೆ. ಅಂದಿನಿಂದ ಅನ್ನ ರುಚಿಸುತ್ತಿಲ್ಲ.

ಪರಮೇಶರಿಗೆ ನಮಸ್ಕಾರ ಹೇಳು, ವೈಶಾಲಿಗೆ ಮುತ್ತು. ಬೀರಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಗುರುಪಾದ ಪಾಂಡಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಕೈಪಿಡಿಯಲ್ಲಿ ಕೊನೆಗೆ ಉಳಿದ ಪದ ‘ಹಾಜರಾತಿ ರಿಯಾಯಿತಿ’: ತಕ್ಕ ಕಾರಣವಿದ್ದರೆ ಪ್ರಿನ್ಸಿಪಾಲರು ಕೊರತೆಯನ್ನು ಮನ್ನಿಸಬಹುದು. ಅದಕ್ಕೆಂದೇ ನೀನು ಬರೆದ ಅರ್ಜಿಯನ್ನು ಆಫೀಸಿಗೆ ಕೊಡದೆ, ಅಣ್ಣನಿದ್ದಾನಲ್ಲ ಎಂದು ನನ್ನ ಕೈಗೆ ಕೊಟ್ಟೆ. ಪ್ರಿನ್ಸಿಪಾಲರು ಒಪ್ಪಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ತಂಗಿಗಾಗಿ ನಿಯಮ ಬಗ್ಗಿಸಿದ ಎಂದು ಜೊತೆಯವರು ಆಡಿಕೊಂಡಾರೆಂಬ ಅಂಜಿಕೆಯಿಂದ ನಾನು ಅದನ್ನು ಅವರಿಗೆ ಕೊಡಲೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ಅವರೇ ಕೇಳಿದರು: “ಗುರುಪಾದ, ನಿನ್ನ ತಂಗೀದು ಅರ್ಜಿನ ಬರಲಿಲ್ಲಲ್ಲೋ? ನಾ ಸಹಿ ಮಾಡಾಕ ಕಾಯಾಕತ್ತಿದ್ನಿ.” ಆ ಅರ್ಜಿ ಇದರ ಜೊತೆ ಇದೆ. ನಿನ್ನ ವರ್ಷ ತಿಂದವನು ನಾನು. ಪ್ರತಿ ವರ್ಷ ಪಂಚಮಿಗೆ ಹೇಳದೆ ಕೇಳದೆ ಕರೆಯಲು ಬರುತ್ತಿದ್ದೆ. ಈ ಸಲ ನೀನು ಬಾ ಎಂದರೆ ಮಾತ್ರ ಬರುತ್ತೇನೆ.