ಬೆಂಚೆಂದುಕೊಂಡಿದ್ದ ದೋಣಿ

ಮಾರ್ಚ್ ೩, ಸೋಮವಾರ

ಭಾನುವಾರ ಅಕ್ಕ ಬರುತ್ತಾಳೆ. ಹೋದ ವರ್ಷದವರೆಗೆ ಅಣ್ಣ ಎನ್ನುತ್ತಿದ್ದೆ. ತಾನು ಹೆಣ್ಣೆಂದು ಹೇಳಿ, ಹಾಗೆಯೇ ಬದುಕತೊಡಗಿದ ಮೇಲೆ ಈ ಮನೆಗೆ ಮೊದಲ ಸಲ. 'ಅಕ್ಕ' — ಬರೆಯಲು ಸಲೀಸು. ಬಾಯಿಗೆ ಇನ್ನೂ ಬಂದಿಲ್ಲ. ಫೋನಿನಲ್ಲಿ 'ಹಲೋ, ನಾನೇ' ಎಂದು ದಾಟಿಸುತ್ತಿದ್ದೇನೆ.

ಐದು ವರ್ಷದ ಮಗಳು ಪುಟ್ಟಿಗೆ 'ಮಾಮ' ಮಾತ್ರ ಗೊತ್ತು. ಅವಳಿಗೆ ತಿಳಿಸಿ ಹೇಳಲೆಂದು ಲೈಬ್ರರಿಯಿಂದ ಚಿತ್ರಪುಸ್ತಕ ತಂದೆ. ದಡದಲ್ಲಿ ಮಗುಚಿದ ದೋಣಿ. ಎಲ್ಲರೂ ಬೆಂಚೆಂದು ಕೂರುತ್ತಾರೆ. 'ನಾನು ದೋಣಿ' ಎನ್ನುತ್ತಲೇ ಇರುತ್ತದೆ. ಕೊನೆಗೆ ನೀರಿಗಿಳಿಯುತ್ತದೆ.

ಮಾರ್ಚ್ ೪

ಯಾವ ಪುಸ್ತಕದ ಮುನ್ನುಡಿಯನ್ನೂ ಓದುವವಳಲ್ಲ ನಾನು. ಇಂದು ಪುಟ್ಟಿಗೆ ಓದಿ ಹೇಳಲು ಕೂತು, ಪುಟ ತೆರೆಯುವ ಮೊದಲೇ ನಾನೇ ಒಂದು ಮುನ್ನುಡಿ ಶುರುಮಾಡಿದೆ: ದೇಹ, ಮನಸ್ಸು, ಗೌರವ... ತಿರುಗಿ ನೋಡಿದರೆ ಪುಟ್ಟಿಗೆ ಗಾಢ ನಿದ್ದೆ.

ಬಾಗಿಲಲ್ಲಿ ಇವರು. "ಭಾಷಣ ಸಾಕು ಮಾರಾಯ್ತಿ, ಸಭೆ ಮಲಗಿಬಿಟ್ಟಿದೆ."

ಮಾರ್ಚ್ ೬

ಮುನ್ನುಡಿ ಬಿಟ್ಟು ಓದಿದೆ.

"ಅದು ಮೊದ್ಲಿಂದ್ಲೂ ದೋಣೀನೇ ಅಲ್ವಾ ಅಮ್ಮಾ?"

"ಹೂಂ."

"ಅವ್ರಿಗೆ ಗೊತ್ತಿರ್ಲಿಲ್ಲ, ಪಾಪ."

ಇದೇ ಸಮಯ ಅನ್ನಿಸಿತು. "ನಿನ್ನ ಮಾಮಾನೂ ಹಾಗೇ ಪುಟ್ಟಿ. ಗಂಡು ಅಂತ ಅಂದ್ಕೊಂಡಿದ್ವಿ. ಅವರು ಹೆಣ್ಣು. ಇನ್ಮೇಲೆ ನಿಂಗೆ ದೊಡ್ಡಮ್ಮ."

ತಲೆಯಾಡಿಸಿ ಪುಟ ತಿರುಗಿಸಿದಳು. ಕೊನೆಯ ಚಿತ್ರ — ದೂರದಲ್ಲಿ ದೋಣಿ, ಖಾಲಿ ದಡ. ಗೋಳೋ ಎಂದು ಅಳು.

"ಹಾಗಾದ್ರೆ ದೊಡ್ಡಮ್ಮ ಹೋಗ್ಬಿಡ್ತಾರಾ?"

ಈ ಚಿತ್ರ ನೋಡಿಯೇ ಪುಸ್ತಕ ಆರಿಸಿದ್ದೆ. ಎಷ್ಟು ಚೆಂದದ ಮುಕ್ತಾಯ ಎಂದುಕೊಂಡಿದ್ದೆ...

ಮಾರ್ಚ್ ೭

ಹಾಲು ಕುಡಿಯುತ್ತ ಕೇಳಿದಳು: "ದೊಡ್ಡಮ್ಮ ಈಗ್ಲೂ ಹೆಗಲ ಮೇಲೆ ಕೂರಿಸ್ಕೋತಾರಾ?"

ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಪುಟ್ಟಿಯ ಕೈಗೇ ಕೊಟ್ಟೆ.

"ದೊಡ್ಡಮ್ಮಾ, ನಾನು ಪುಟ್ಟಿ."

ಆ ಕಡೆಯಿಂದ ಮೂಗೆಳೆದ ಸದ್ದು. "ಕೂರಿಸ್ಕೋತೀನಿ ಕಣೇ. ಕೂದಲು ಮಾತ್ರ ಎಳೀಬೇಡ, ಈಗ ಉದ್ದ ಬಿಟ್ಟಿದೀನಿ."

ಪುಟ್ಟಿಗೆ ಒಂದೇ ದಿನ ಸಾಕಾಯಿತು. ನನಗೆ ವರ್ಷವೂ ಸಾಲಲಿಲ್ಲ.

ಮಾರ್ಚ್ ೮, ಶನಿವಾರ

ಕೊನೆಯ ಪುಟದಲ್ಲಿ ಕ್ರೇಯಾನ್ ಗೀಚು. ದೋಣಿಯೊಳಗೆ ಪುಟ್ಟಿಯ ಹಾಗೇ ಎರಡು ಜಡೆಯ ಹುಡುಗಿ.

"ಲೈಬ್ರರಿ ಪುಸ್ತಕ ಕಣೇ!"

"ದೋಣೀಲೂ ಕೂತ್ಕೋಬೋದು ಅಮ್ಮಾ. ಪುಸ್ತಕದವ್ರು ಬರ್ಯೋದು ಮರೆತಿದಾರೆ."

ಬೈಯಲಾಗಲಿಲ್ಲ.

ನಾಳೆ ಬೆಲ್ ಆದಾಗ ಪುಟ್ಟಿಗಿಂತ ಮೊದಲು ಬಾಗಿಲಿಗೆ ಹೋಗಬೇಕು. 'ಹಲೋ' ಅಲ್ಲ, ಬರಿಯ 'ಬಾ' ಕೂಡ ಅಲ್ಲ. ಬಾಗಿಲು ಪೂರ್ತಿ ತೆರೆದು — 'ಅಕ್ಕಾ, ಬಾ.'